ಒಂದು ಗ್ಯಾಲನ್ ಹೆಚ್ಚು

“ಇದು ಗೇಜ್ ಓದಿ ಬರೆದ ಲೆಕ್ಕ ಅಲ್ಲ,” ಎಂದಳು ಮುಳ್ಳಕ್ಕ.

ಇನ್ಸ್‌ಪೆಕ್ಟರ್ ಬಾಯಿಯ ಹತ್ತಿರ ಒಯ್ದ ಟೀ ಲೋಟವನ್ನು ಅಲ್ಲೇ ನಿಲ್ಲಿಸಿದರು.

ಮೇಜಿನ ನಡುವೆ ಎರಡು ವಸ್ತುಗಳಿದ್ದವು. ಒಂದು, ಉಗಿ ಲಾಂಡ್ರಿಯ ಬಾಯ್ಲರ್ ಕೋಣೆಯ ಲಾಗ್ ಬುಕ್. ಇನ್ನೊಂದು, ಗಾಜು ಒಡೆದು, ಮುಳ್ಳು ಹಾರಿಹೋಗಿ, ಬರೀ ಅಂಕಿಗಳ ತಟ್ಟೆಯಾಗಿ ಉಳಿದಿದ್ದ ಪ್ರೆಶರ್ ಗೇಜ್. ಗುರುವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ಆ ಬಾಯ್ಲರ್ ಒಡೆದು, ಗೋಡೆಯಾಚೆ ಆಸ್ಪತ್ರೆಯ ಹಾಸುಗಳನ್ನು ಇಸ್ತ್ರಿ ಮಾಡುತ್ತಿದ್ದ ಹೆಂಗಸೊಬ್ಬಳು ಸತ್ತಿದ್ದಳು. ಬಾಯ್ಲರ್ ಕಾಯುವವನು ಎರಡು ದಿನದಿಂದ ಇದೇ ಠಾಣೆಯ ಹಿಂದಿನ ಕೋಣೆಯಲ್ಲಿ ಸರಳು ಎಣಿಸುತ್ತಿದ್ದ. ಅವನು ಮುಳ್ಳಕ್ಕನ ಸ್ವಂತ ಮೈದುನ.

ಊರಿನ ಗೇಜುಗಳನ್ನೆಲ್ಲ ಬಿಚ್ಚಿ, ಮುಳ್ಳು ಸರಿಮಾಡಿ, ಮತ್ತೆ ಮುಚ್ಚಿ ಕೊಡುವುದು ಅವಳ ಕಸುಬು. ಇಪ್ಪತ್ತೆಂಟು ವರ್ಷ ಮುಳ್ಳುಗಳ ಜೊತೆಯಲ್ಲೇ ಕಳೆದವಳಿಗೆ ಜನ ಇನ್ನೇನು ಹೆಸರಿಟ್ಟಾರು? ಮಾತೂ ಸ್ವಲ್ಪ ಚುಚ್ಚುವ ಜಾತಿಯದೇ ಆದ್ದರಿಂದ ಹೆಸರು ಗಟ್ಟಿಯಾಗಿ ನಿಂತಿತ್ತು.

“ನೋಡಿ ಅಮ್ಮ,” ಎಂದರು ಇನ್ಸ್‌ಪೆಕ್ಟರ್. “ಆರೋಪಿಯ ಅತ್ತಿಗೇನ ಕರೆಸಿ ಅಭಿಪ್ರಾಯ ಕೇಳೋದು ಸರಿಯಲ್ಲ ಅಂತ ನಂಗೂ ಗೊತ್ತು. ಆದ್ರೆ ಈ ಊರಲ್ಲಿ ಗೇಜ್ ಗೊತ್ತಿರೋರು ನೀವೊಬ್ರೇ. ಐದು ಗಂಟೆಗೆ ನನ್ನ ವರದಿ ಹೋಗ್ಬೇಕು. ಲಾಗ್ ಬುಕ್ಕಲ್ಲಿ ಬರೆದಿರೋ ಏಳು ಕೆಜಿ ಒತ್ತಡಕ್ಕೇ ಬಾಯ್ಲರ್ ಒಡೀತು ಅಂದ್ರೆ ಅದು ಕೊಳೆತಿತ್ತು ಅಂತ ಅರ್ಥ, ಮ್ಯಾನೇಜರ್ ಒಳಗೆ ಬರ್ತಾನೆ, ನಿಮ್ಮ ಮೈದುನ ಮನೆಗೆ ಹೋಗ್ತಾನೆ. ಏಳು ದಾಟಿತ್ತು ಅಂದ್ರೆ ಬೆಂಕಿ ಏರಿಸಿದೋನು ಉತ್ತರ ಕೊಡ್ಬೇಕು.”

“ಸೇಫ್ಟಿ ವಾಲ್ವು?”

“ತುಕ್ಕು ಹಿಡಿದು ಕಚ್ಕೊಂಡಿತ್ತು. ಅದಕ್ಕೆ ಮ್ಯಾನೇಜರ್ ಹೇಗೂ ಉತ್ತರ ಕೊಡ್ತಾನೆ. ನಂಗೆ ಬೇಕಾಗಿರೋದು ಒಂದೇ, ಆ ಏಳು ನಿಜವೋ ಸುಳ್ಳೋ.”

ಏಳು ನಿಜವಾಗಿರಲಿ ಎಂದು ಬೆಳಿಗ್ಗೆ ಎದ್ದಾಗಿನಿಂದ ಮುಳ್ಳಕ್ಕ ಬಯಸುತ್ತಿದ್ದಳು. ತಾನು ಮದುವೆಯಾಗಿ ಬಂದಾಗ ಮೈದುನನನ್ನು ಹತ್ತು ವರ್ಷದ ಹುಡುಗನಾಗಿ ಕಂಡವಳು ಅವಳು. ಆದರೆ ಬಯಸಿದ್ದಕ್ಕೆಲ್ಲ ಮುಳ್ಳು ತಿರುಗುವುದಿಲ್ಲ.

ಅವಳು ಲಾಗ್ ಬುಕ್ ತಿರುಗಿಸಿ ಅವರ ಮುಂದೆ ಸರಿಸಿದಳು.

“ಸೋಮವಾರ, ಮಂಗಳವಾರ, ಬುಧವಾರ. ಒತ್ತಡದ ಸಾಲು ಓದಿ.”

“ಏಳು. ಆರು ಪಾಯಿಂಟ್ ಏಳು. ಏಳು. ಏಳು ಪಾಯಿಂಟ್ ನಾಲ್ಕು. ಏಳು. ಆರು ಪಾಯಿಂಟ್ ಏಳು…”

“ಈಗ ಗುರುವಾರ.”

“ಎಂಟು ಗಂಟೆಗೆ ಏಳು. ಒಂಬತ್ತಕ್ಕೆ ಏಳು ಪಾಯಿಂಟ್ ಒಂದು. ಹತ್ತಕ್ಕೆ ಏಳು ಪಾಯಿಂಟ್ ಎರಡು. ಹನ್ನೊಂದಕ್ಕೆ ಏಳು ಪಾಯಿಂಟ್ ಒಂದು.” ಇನ್ಸ್‌ಪೆಕ್ಟರ್ ತಲೆ ಎತ್ತಿದರು. “ಇನ್ನೂ ನೀಟಾಗಿದೆಯಲ್ಲ?”

“ಅದೇ ತೊಂದರೆ.”

ಅವಳು ಗೇಜಿನ ತಟ್ಟೆಯನ್ನು ಎತ್ತಿ ಹಿಡಿದಳು. ಸೊನ್ನೆಯಿಂದ ಮುನ್ನೂರರವರೆಗೆ ಅಂಕಿ, ಐದೈದಕ್ಕೆ ಒಂದು ಗೀಟು.

“ಇದು ಪೌಂಡಿನ ಗೇಜ್. ಲಾಗ್ ಬುಕ್ಕಿನ ಸಾಲು ಕೆಜಿದು. ಒಂದು ಕೆಜಿಗೆ ಹದಿನಾಲ್ಕು ಪೌಂಡು ಚಿಲ್ಲರೆ. ಹಳೇ ಕೆಜಿ ಗೇಜ್ ಸೋರ್ತಿತ್ತು ಅಂತ ಸೋಮವಾರ ಬಿಚ್ಚಿ ನನ್ನ ಅಂಗಡಿಗೆ ಕಳಿಸಿದ್ರು. ಅಲ್ಲೀವರೆಗೆ ಇರ್ಲಿ ಅಂತ ಸ್ಟೋರಲ್ಲಿ ಬಿದ್ದಿದ್ದ ಇದನ್ನ ಹಾಕಿದ್ರು. ನಮ್ಮ ಮೈದುನ ಮುಳ್ಳಿಗೆ ಹತ್ತಿರ ಇರೋ ಗೀಟು ಓದಿ, ಹದಿನಾಲ್ಕರ ಲೆಕ್ಕದಲ್ಲಿ ಭಾಗಿಸಿ ಬರೀತಿದ್ದ. ತೊಂಬತ್ತೈದು ಪೌಂಡು ಅಂದ್ರೆ ಆರು ಪಾಯಿಂಟ್ ಏಳು. ನೂರು ಅಂದ್ರೆ ಏಳು. ನೂರೈದು ಅಂದ್ರೆ ಏಳು ಪಾಯಿಂಟ್ ನಾಲ್ಕು. ಆ ಮೂರು ದಿನದಲ್ಲಿ ಈ ಮೂರು ಅಂಕಿ ಬಿಟ್ಟು ಬೇರೆ ಇದೆಯಾ ನೋಡಿ.”

ಇನ್ಸ್‌ಪೆಕ್ಟರ್ ಬೆರಳಿಟ್ಟು ನೋಡಿದರು. ಇರಲಿಲ್ಲ.

“ಏಳು ಪಾಯಿಂಟ್ ಒಂದು ಅನ್ನೋದು ಈ ತಟ್ಟೆಯಲ್ಲಿ ಹುಟ್ಟೋದೇ ಇಲ್ಲ ಸಾರ್. ಅದು ಹಳೇ ಗೇಜಿನ ಅಂಕಿ. ಆ ಗೇಜ್ ಗುರುವಾರ ನನ್ನ ಬೆಂಚಿನ ಮೇಲಿತ್ತು.”

ಬುಧವಾರವೇ ಕೊಡುತ್ತೇನೆ ಎಂದು ಹೇಳಿ ಕೊಡದೆ ಇಟ್ಟುಕೊಂಡಿದ್ದಳು. ಅದನ್ನು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ. ತನಗೆ ತಾನು ಎರಡು ದಿನದಿಂದ ಹೇಳಿಕೊಳ್ಳುತ್ತಲೇ ಇದ್ದಳು.

“ಅಂದ್ರೆ ಮೈದುನ ಕೂತಲ್ಲೇ ಕಟ್ಟಿ ಬರೆದಿದಾನೆ.”

“ಅವನಾಗಿದ್ರೆ ಆರು ಪಾಯಿಂಟ್ ಏಳು ಅಂತ ಕಟ್ತಿದ್ದ. ಮೂರು ದಿನದಿಂದ ಕೈಗೆ ಅದೇ ಅಭ್ಯಾಸ. ಇದು ಗೇಜ್ ಬದಲಾಗಿದ್ದು ಗೊತ್ತಿಲ್ಲದೋರ ಕೆಲಸ.” ಅವಳ ದನಿಯಲ್ಲಿ ಈಗ ಸ್ವಲ್ಪ ಹುರುಪು ಬಂದಿತ್ತು. “ಎಂಟು ಗಂಟೆದು ಅವನದು. ಆಮೇಲಿನ ಮೂರು ಅವನದಲ್ಲ.”

“ಅಕ್ಷರ ಒಂದೇ ಥರ ಇದೆ.”

“ಅವರ ಮನೇಲಿ ಎಲ್ಲರದೂ ಒಂದೇ ಥರ. ನಮ್ಮ ಮಾವನ ಬೆತ್ತದ ಕೆಳಗೆ ಕಲಿತ ಅಂಕಿ.”

ಹೇಳಿದವಳಿಗೆ ತಾನು ಏನು ಹೇಳಿದೆ ಎಂಬುದು ಆಗ ತಟ್ಟಲಿಲ್ಲ. ಕೆಲಸದ ಗುಂಗಿನಲ್ಲಿರುವವರಿಗೆ ಹಾಗೇ ಆಗುವುದು, ಕೂಸು ಕಂಕುಳಲ್ಲೇ ಇದ್ದರೂ ಊರೆಲ್ಲ ಹುಡುಕುತ್ತಾರೆ.

“ಸರಿ,” ಎಂದರು ಇನ್ಸ್‌ಪೆಕ್ಟರ್. “ಏಳು ಸುಳ್ಳು. ನಿಜ ಎಷ್ಟು? ಮುಳ್ಳಂತೂ ಸಿಕ್ಕಿಲ್ಲ.”

“ಮುಳ್ಳು ಇಲ್ಲದಿದ್ರೆ ಎಣ್ಣೆ ಹೇಳುತ್ತೆ.”

ಅವಳು ಚೀಲದಿಂದ ಪೆನ್ಸಿಲ್ ತೆಗೆದು, ಅವರ ಹಳೆಯ ಡ್ಯೂಟಿ ಪಟ್ಟಿಯೊಂದನ್ನು ಕೇಳದೆಯೇ ಎಳೆದುಕೊಂಡು ಹಿಂಬದಿಯಲ್ಲಿ ಬರೆಯತೊಡಗಿದಳು. ಇನ್ಸ್‌ಪೆಕ್ಟರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಬಾಯ್ಲರಿನ ಎಣ್ಣೆ ಟ್ಯಾಂಕು ಹಳೆಯ ಕಾಲದ್ದು, ಅಳತೆ ಗ್ಯಾಲನ್ನಿನಲ್ಲಿ. ಪುಸ್ತಕದ ಸಾಲು ಲೀಟರಿನಲ್ಲಿ. ಗ್ಯಾಲನ್ನಿಗೆ ನಾಲ್ಕೂವರೆ ಲೀಟರ್. ಆಸ್ಪತ್ರೆಯ ಹಾಸುಗಳು ದಿನವೂ ಅಷ್ಟೇ ಬರುವುದರಿಂದ ಎಣ್ಣೆಯೂ ಅಷ್ಟೇ ಉರಿಯುತ್ತಿತ್ತು. ಮೂರು ವಾರದ ಪುಟಗಳಲ್ಲಿ ಗಂಟೆಗೆ ಮೂವತ್ತಾರು ಲೀಟರ್, ಅಂದರೆ ಎಂಟು ಗ್ಯಾಲನ್. ಗುರುವಾರ ಎಂಟರಿಂದ ಒಂಬತ್ತರ ನಡುವೆ ಮಾತ್ರ ನಲವತ್ತೊಂದು.

“ಒಂದು ಗ್ಯಾಲನ್ ಹೆಚ್ಚು,” ಎಂದಳು. “ಎಂಟಕ್ಕೆ ಏಳು ಕೆಜಿ, ಒಂಬತ್ತಕ್ಕೂ ಹೆಚ್ಚು ಕಡಿಮೆ ಏಳೇ. ಹಾಗಿದ್ರೆ ಆ ಗ್ಯಾಲನ್ ಏನು ಮಾಡ್ತು?”

“ಹೊಗೆ ಆಯ್ತೇನೋ.”

“ಕಾಲು ಭಾಗ ಆಯ್ತು. ಚಿಮಣಿಗೆ ಅದರ ಪಾಲು ಕೊಡಲೇಬೇಕು.” ಪೆನ್ಸಿಲ್ ಓಡುತ್ತಿತ್ತು. “ಲೀಟರ್ ಎಣ್ಣೆಲಿ ಸುಮಾರು ಒಂಬತ್ತು ಸಾವಿರ ಕಿಲೋಕ್ಯಾಲೊರಿ ಶಾಖ. ನಾಲ್ಕೂವರೆ ಲೀಟರಿಗೆ ನಲವತ್ತು ಸಾವಿರ. ಚಿಮಣಿ ಪಾಲು ಕಳೆದ್ರೆ ಮೂವತ್ತು ಸಾವಿರ. ಬಾಯ್ಲರಿನ ಹೊಟ್ಟೆಲಿ ಎಷ್ಟು ನೀರಿತ್ತು?”

ಇನ್ಸ್‌ಪೆಕ್ಟರ್ ಫೈಲು ತೆರೆದರು. “ನಾನೂರ ನಲವತ್ತು ಗ್ಯಾಲನ್.”

“ಎರಡು ಸಾವಿರ ಲೀಟರ್. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಏರಿಸೋಕೆ ಒಂದು ಕಿಲೋಕ್ಯಾಲೊರಿ. ಎರಡು ಸಾವಿರ ಲೀಟರಿಗೆ ಮೂವತ್ತು ಸಾವಿರ ಹಂಚಿ.”

“ಹದಿನೈದು ಡಿಗ್ರಿ,” ಎಂದರು ಇನ್ಸ್‌ಪೆಕ್ಟರ್. ಶಾಲೆಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವರಿರಬೇಕು, ಮುಖದಲ್ಲಿ ಸಣ್ಣ ಖುಷಿ ಕಂಡಿತು.

“ಏಳು ಕೆಜಿ ಒತ್ತಡದಲ್ಲಿ ನೀರು ನೂರ ಎಪ್ಪತ್ತು ಡಿಗ್ರಿ ಇರುತ್ತೆ. ಹದಿನೈದು ಸೇರಿಸಿದ್ರೆ ನೂರ ಎಂಬತ್ತೈದು.” ಅವಳು ಚೀಲದಿಂದ ಅಂಚು ಸವೆದ ಉಗಿ ಕೋಷ್ಟಕ ತೆಗೆದು ಸಾಲಿನ ಮೇಲೆ ಉಗುರು ಎಳೆದಳು. “ನೂರ ಎಂಬತ್ತೈದಕ್ಕೆ ಹತ್ತೂವರೆ ಕೆಜಿ.”

ಇನ್ಸ್‌ಪೆಕ್ಟರ್ ಆ ಸಾಲಿನ ಮೇಲೆ ಬಗ್ಗಿ ನೋಡಿದರು.

“ಹತ್ತೂವರೆ,” ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ. “ಏಳರ ಒಂದೂವರೆ ಪಟ್ಟು. ಪೌಂಡಲ್ಲಿ?”

“ನೂರೈವತ್ತು.”

ಅವಳ ಬೆರಳು ತಟ್ಟೆಯ ಮೇಲೆ ನೂರೈವತ್ತನ್ನು ಹುಡುಕಿಕೊಂಡು ಹೋಯಿತು. ಹುಡುಕುವುದೇನಿತ್ತು? ಮುನ್ನೂರರ ಗೇಜಿನಲ್ಲಿ ನೂರೈವತ್ತು ನಟ್ಟನಡುವೆ, ನೆತ್ತಿಯ ಮೇಲೆ. ಮುಳ್ಳು ಅಲ್ಲಿಗೆ ಬಂದರೆ ನೆಟ್ಟಗೆ ನಿಲ್ಲುತ್ತದೆ.

ಬೆರಳು ಅಲ್ಲೇ ನಿಂತಿತು.

“ಯಾಕಮ್ಮ?”

“ಬಾಯಾರಿಕೆ.”

ಇನ್ಸ್‌ಪೆಕ್ಟರ್ ನೀರಿನ ಲೋಟ ಸರಿಸಿದರು, ಆದರೆ ಕಣ್ಣು ಅವಳ ಬೆರಳಿನ ಮೇಲೆಯೇ ಇತ್ತು. “ಹಳೇ ಗೇಜು ಎಷ್ಟರವರೆಗೆ ಇತ್ತು?”

ಸುಳ್ಳು ಹೇಳಬಹುದಿತ್ತು. ಆದರೆ ಅದು ಅವಳ ಬೆಂಚಿನ ಮೇಲೇ ಕೂತಿತ್ತು, ಯಾರು ಬೇಕಾದರೂ ಹೋಗಿ ನೋಡಬಹುದು.

“ಹದಿನಾಲ್ಕರವರೆಗೆ.”

“ಅಂದ್ರೆ ಏಳು ಎಲ್ಲಿ ಬರುತ್ತೆ?”

“ಇಲ್ಲೇ.”

ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. “ಹಾಗಾದ್ರೆ ಯಾರೂ ಏನೂ ಕಟ್ಟಿ ಬರೆದಿಲ್ಲ. ಯಾರೋ ಅಂಕಿ ಓದದೆ ಬರೀ ಮುಳ್ಳು ನಿಂತ ಜಾಗ ನೋಡಿ ಬರೆದಿದಾರೆ. ಎಂಟು ಗಂಟೆ ಆದ್ಮೇಲೆ ಬಂದು ಕೂತ, ಮುಳ್ಳು ನೂರರಲ್ಲಿತ್ತು, ಅವನ ಕಣ್ಣಿಗೆ ಕೆಳಗೆ ಬಿದ್ದಹಾಗೆ ಕಾಣಿಸ್ತು. ಎಣ್ಣೆ ಜಾಸ್ತಿ ಬಿಟ್ಟು ನೆಟ್ಟಗೆ ನಿಲ್ಲಿಸಿದ. ಬೆಳಿಗ್ಗೆ ಪೂರ್ತಿ ಹತ್ತೂವರೆ ಇಟ್ಕೊಂಡು ಏಳು, ಏಳು ಅಂತ ಬರೆದ. ಸರಿನಾ?”

“ಸರಿ.”

“ಅಂಥ ಅಭ್ಯಾಸ ಯಾರಿಗಿರುತ್ತೆ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಬೇಕಾದ್ದೆಲ್ಲ ಅವಳೇ ಆಡಿ, ಬಿಡಿಸಿ, ಕಾಗದದ ಮೇಲೆ ಬರೆದುಕೊಟ್ಟಿದ್ದಳು.

ಹಳೆಯ ಬಾಯ್ಲರಿನವರಿಗೆ ಆ ಅಭ್ಯಾಸವಿರುತ್ತದೆ. ಅದೇ ಕೋಣೆಯಲ್ಲಿ ಮೂವತ್ತೊಂದು ವರ್ಷ ಅದೇ ಗೇಜಿನ ಮುಂದೆ ಕೂತವರಿಗೆ, ಹೋದ ವರ್ಷ ನಿವೃತ್ತರಾದವರಿಗೆ, ಎಡಗಣ್ಣಿಗೆ ಪೊರೆ ಬಂದು ಆಪರೇಷನ್ ಮುಂದೂಡುತ್ತಿರುವವರಿಗೆ ಇರುತ್ತದೆ. ‘ಅಂಕಿ ಯಾರಿಗೆ ಬೇಕು, ಮುಳ್ಳು ನೆಟ್ಟಗಿದ್ರೆ ಸಂಸಾರ ನೆಟ್ಟಗಿದ್ದಹಾಗೆ’ ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುವ ಒಬ್ಬರನ್ನು ಅವಳು ಬಲ್ಲಳು. ಅವರೊಂದಿಗೆ ಅವಳಿಗೆ ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ.

ಗುರುವಾರ ಬೆಳಿಗ್ಗೆ ಗಂಡ ಗೆಳೆಯನ ಮನೆಗೆ ಹೋಗುತ್ತೇನೆಂದು ಹೊರಟಿದ್ದ. ಗೇಜ್ ಬದಲಾದ ವಿಷಯ ಅವನಿಗೆ ಗೊತ್ತಿರಲಿಲ್ಲ. ಅಂಗಡಿಯ ಮಾತು ಮನೆಗೆ ತರಬಾರದು ಎಂಬುದು ಅವಳೇ ಮಾಡಿದ ಕಟ್ಟಳೆ.

ಅವಳಿಗೆ ಹೆದರಿಕೆಯಾಯಿತು.

“ಮೈದುನನ್ನ ಒಂದ್ಸಲ ನೋಡ್ಬೇಕು,” ಎಂದಳು.

“ಹತ್ತು ನಿಮಿಷ,” ಎಂದರು ಇನ್ಸ್‌ಪೆಕ್ಟರ್. ಅವರೇನೂ ಪೆದ್ದರಲ್ಲ.

ಹಿಂದಿನ ಕೋಣೆಯಲ್ಲಿ ಮೈದುನ ಗೋಡೆಗೆ ಒರಗಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಬಲಗೆನ್ನೆ ಊದಿತ್ತು. ಸ್ಫೋಟದ ಪೆಟ್ಟು ಎಂದು ಪೊಲೀಸರು ಬರೆದುಕೊಂಡಿದ್ದರು.

“ಬಾಯಿ ತೆಗಿ.”

“ಏನತ್ತಿಗೆ?”

“ಬಾಯಿ ತೆಗಿ ಅಂದೆ.”

ನಲವತ್ತು ವರ್ಷ ಮುಟ್ಟುತ್ತಿದ್ದ ಗಂಡಸು ಹುಡುಗನ ಹಾಗೆ ಬಾಯಿ ತೆರೆದ. ಬಲಗಡೆ ಕೊನೆಯ ದವಡೆ ಹಲ್ಲಿನ ಜಾಗ ಖಾಲಿಯಾಗಿತ್ತು. ಒಸಡಿನಲ್ಲಿ ಹೊಲಿಗೆಯ ಕಪ್ಪು ದಾರ ಕಾಣುತ್ತಿತ್ತು.

“ಯಾವಾಗ ಕೀಳಿಸ್ದೆ?”

“ಹೋದ ತಿಂಗಳು.”

“ಹೋದ ತಿಂಗಳು ನೀನು ನಮ್ಮನೇಲಿ ಕೂತು ಕಡಲೆ ಕುಟುಕುಟು ಅಂತ ಅಗೀತಿದ್ದೆ.” ಅವಳು ದನಿ ತಗ್ಗಿಸಿದಳು. “ಗುರುವಾರ ಬಾಯ್ಲರ್ ಹತ್ರ ಯಾರಿದ್ರು?”

“ನಾನೇ.”

“ಬಾಯ್ಲರ್ ಹತ್ರಾನೂ ನೀನೇ, ಹಲ್ಲಿನ ಡಾಕ್ಟರ್ ಹತ್ರಾನೂ ನೀನೇ. ಎಷ್ಟು ಜನ ಇದೀಯ ನೀನು?”

ಅವನು ಸರಳು ಹಿಡಿದು ನೆಲ ನೋಡಿದ.

“ಮ್ಯಾನೇಜರ್ ರಜ ಕೊಡಲ್ಲ ಅಂದ,” ಎಂದ ಕೊನೆಗೆ. “ರಾತ್ರಿಯೆಲ್ಲ ನಿದ್ದೆ ಇಲ್ಲ, ತಲೆ ಸಿಡೀತಿತ್ತು. ಅಣ್ಣನ್ನ ಕೇಳ್ದೆ. ಹಿಂದಿನ ಬಾಗಿಲಿಂದ ಬಂದ್ರು. ಮೂರು ಗಂಟೆ ಕೂತ್ಕೋ ಅಂದೆ, ನಂಗೇನು ಹೊಸದಾ ಅಂದ್ರು. ಗೇಜ್ ಬದಲಾಗಿದೆ ಅಂತ ಹೇಳೋದೇ ಮರೆತುಹೋಯ್ತು ಅತ್ತಿಗೆ. ಬಾಯೇ ತೆರೆಯೋಕೆ ಆಗ್ತಿರಲಿಲ್ಲ ನಂಗೆ. ಒಂದು ಮಾತು. ಒಂದೇ ಒಂದು ಮಾತು.”

ಕಾರಿಡಾರಿನ ತುದಿಯಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಕಡೆಗೆ ಮುಳ್ಳಕ್ಕ ಒಮ್ಮೆ ತಿರುಗಿ ನೋಡಿದಳು.

“ವಾಪಸ್ ಬಂದಾಗ ಹನ್ನೊಂದೂವರೆ ದಾಟಿತ್ತು. ಬಾಗಿಲಿಂದಲೇ ನೋಡ್ದೆ, ಮುಳ್ಳು ನೂರೈವತ್ತಲ್ಲಿ ನಿಂತಿತ್ತು. ಅಣ್ಣ ಆರಾಮಾಗಿ ಕೂತಿದ್ರು. ಹೊರಗೆ ಹೋಗು ಅಣ್ಣ, ಮ್ಯಾನೇಜರ್ ಬರ್ತಿದಾನೆ, ನಿನ್ನ ನೋಡಿಬಿಟ್ರೆ ಕಷ್ಟ ಅಂತ ಸುಳ್ಳು ಹೇಳಿ ಕಳಿಸ್ದೆ. ಎಣ್ಣೆ ನಲ್ಲಿ ಮುಚ್ದೆ. ಗೋಡೆ ಬಡಿದು ಆಚೆಯವರಿಗೆ ಓಡಿ ಅಂತ ಕೂಗ್ದೆ. ಇಸ್ತ್ರಿ ಯಂತ್ರದ ಸದ್ದಲ್ಲಿ ಅವ್ರಿಗೆ ಕೇಳಿಸಲಿಲ್ಲ. ಬಾಯ್ಲರ್ ಅವ್ರ ಕಡೆಗೇ ಒಡೀತು.”

ಸತ್ತವಳಿಗೆ ಇಬ್ಬರು ಮಕ್ಕಳೆಂದು ಮುಳ್ಳಕ್ಕನಿಗೆ ಗೊತ್ತಿತ್ತು. ಚಿಕ್ಕದಕ್ಕೆ ಇನ್ನೂ ಸರಿಯಾಗಿ ಮಾತು ಬರುವುದಿಲ್ಲವಂತೆ. ಆ ಮಗುವಿನ ಮುಖವನ್ನು ಅವಳು ನೋಡಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ.

“ನಿಮ್ಮಣ್ಣಂಗೆ ಗೊತ್ತಾ?”

“ಇಲ್ಲ. ಇವತ್ತಿಗೂ ಏಳೇ ಇತ್ತು ಅಂತ ನಂಬಿದಾರೆ. ಒಡೆದ ಸದ್ದಿಗೆ ವಾಪಸ್ ಓಡಿಬಂದು, ಬಾಯ್ಲರೇ ಕೊಳೆತಿತ್ತು ಅಂತ ಬೈತಿದ್ರು. ನೀನು ಕೂತಿದ್ದು ಗೊತ್ತಾದ್ರೆ ನನ್ನ ಲೈಸೆನ್ಸ್ ಹೋಗುತ್ತೆ, ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡೆ. ನಿಮಗೂ ಹೇಳ್ಬೇಡ ಅಂದೆ. ಆಮೇಲೆ ಪುಟದ ಕೆಳಗೆ ನಾನೇ ಸಹಿ ಹಾಕ್ದೆ.”

“ಅವರು ಆಣೆ ಮುರಿಯೋ ಮನುಷ್ಯರಲ್ಲ.”

“ಅದಕ್ಕೇ ಹಾಕಿಸಿದ್ದು.” ಅವನು ಸರಳಿಗೆ ಮುಖ ಒತ್ತಿದ. “ಅತ್ತಿಗೆ, ಏಳು ಅಂತ ಬರೆದುಕೊಡಿ. ನಿಮ್ಮ ಮಾತು ಅಂದ್ರೆ ಅವರು ನಂಬ್ತಾರೆ.”

“ಹತ್ತೂವರೆ ಅಂತ ಆಗ್ಲೇ ಹೇಳಿದೀನಿ. ಲೆಕ್ಕ ಅವರ ಮೇಜಿನ ಮೇಲಿದೆ.”

ಅವನ ಮುಖ ಬಿಳುಚಿಕೊಂಡಿತು. ಆದರೆ ತಕ್ಷಣ ಅವನು ತಲೆಯಾಡಿಸಿದ, ಏನೋ ಒಂದನ್ನು ಒಪ್ಪಿಕೊಂಡವನಂತೆ.

“ಆಯ್ತು. ಹಾಗಿದ್ರೆ ನಾನೇ ಮಾಡ್ದೆ ಅಂತೀನಿ. ನಿದ್ದೆಗಣ್ಣಲ್ಲಿ ತಪ್ಪು ಓದ್ದೆ ಅಂತೀನಿ. ಹಲ್ಲಿನ ವಿಷಯ ನೀವು ಬಾಯಿ ಬಿಡ್ಬೇಡಿ, ಅಷ್ಟು ಸಾಕು. ನಂಗೆ ಹೆಂಡತಿ ಮಕ್ಕಳಿಲ್ಲ, ನಾನು ಒಳಗಿದ್ರೆ ಯಾರ ಒಲೆಯೂ ಆರಲ್ಲ. ಅಣ್ಣಂಗೆ ಇದು ಗೊತ್ತಾದ್ರೆ… ಜೈಲು ಬಿಡಿ ಅತ್ತಿಗೆ. ತನ್ನ ಕೈಯಿಂದ ಒಂದು ಜೀವ ಹೋಯ್ತು ಅಂತ ಗೊತ್ತಾದ ದಿನ ಅವ್ರು ಬದುಕಲ್ಲ. ನಿಮಗೆ ಗೊತ್ತಿಲ್ವಾ ಅವ್ರು ಎಂಥವ್ರು ಅಂತ?”

ಗೊತ್ತಿತ್ತು. ಬಾಗಿಲಿಗೆ ಸಿಕ್ಕಿ ಹಲ್ಲಿಯ ಬಾಲ ತುಂಡಾದರೆ ಎರಡು ದಿನ ಊಟ ಸೇರದ ಮನುಷ್ಯ.

“ಹತ್ತು ನಿಮಿಷ ಆಯ್ತು,” ಎಂದ ಕಾನ್‌ಸ್ಟೇಬಲ್.

ಅವಳು ಕಾರಿಡಾರಿನಲ್ಲಿ ನಿಧಾನವಾಗಿ ನಡೆದಳು. ಒಬ್ಬನನ್ನು ಉಳಿಸಿದರೆ ಇನ್ನೊಬ್ಬ ಹೋಗುತ್ತಾನೆ. ಸುಮ್ಮನಿದ್ದರೆ ತಪ್ಪಿಲ್ಲದ ತಮ್ಮ ಜೈಲಿಗೆ ಹೋಗುತ್ತಾನೆ, ಅದೂ ನಗುನಗುತ್ತಾ. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಕಷ್ಟ ಅವಳಿಗೆ ಇಂದು ಗೊತ್ತಾಯಿತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. ಇಷ್ಟು ವರ್ಷದಲ್ಲಿ ಯಾವ ಗೇಜಿಗೂ ಅವಳು ತಪ್ಪು ಚೀಟಿ ಬರೆದುಕೊಟ್ಟಿರಲಿಲ್ಲ. ಇವತ್ತು ಬರೆದುಕೊಡುವುದು ಎಂದು ಬಾಗಿಲು ತಳ್ಳುವಷ್ಟರಲ್ಲಿ ತೀರ್ಮಾನ ಮಾಡಿಕೊಂಡಿದ್ದಳು. ಎಣ್ಣೆಯ ಲೆಕ್ಕದಲ್ಲಿ ತಾನು ಎಡವಿದೆ ಎನ್ನುವುದು, ಅಷ್ಟೇ. ಮನುಷ್ಯರು ಎಡವುತ್ತಾರೆ.

ಅವಳ ಕುರ್ಚಿಯಲ್ಲಿ ಅವಳ ಗಂಡ ಕೂತಿದ್ದ.

ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಮದುವೆ ಮನೆಗೆ ಹೊರಟವನ ಹಾಗಿದ್ದ. ಅವಳನ್ನು ಕಂಡು ನಕ್ಕ.

“ಇನ್ನು ತಡೆಯೋಕಾಗಲಿಲ್ಲ ಕಣೇ,” ಎಂದ. “ಆಣೆ ಹಾಳಾಗಿ ಹೋಗ್ಲಿ. ತಮ್ಮ ಸರಳಿನ ಹಿಂದೆ, ನಾನು ಮನೇಲಿ ಟೀ ಕುಡೀತಾ ಕೂರೋದಾ? ಲೈಸೆನ್ಸ್ ಹೋದ್ರೆ ಹೋಗುತ್ತೆ, ಅವನಾದ್ರೂ ಹೊರಗೆ ಬರ್ತಾನೆ. ಸಾರ್, ಬರ್ಕೊಳ್ಳಿ. ಗುರುವಾರ ಎಂಟರಿಂದ ಹನ್ನೊಂದೂವರೆವರೆಗೆ ಬಾಯ್ಲರ್ ಮುಂದೆ ಇದ್ದಿದ್ದು ನಾನು. ಒತ್ತಡ ಏಳೇ ಇತ್ತು. ಮುಳ್ಳು ಅಲ್ಲಾಡಲಿಲ್ಲ, ನನ್ನ ಕಣ್ಣಾರೆ ಕಂಡಿದೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ.”

ಇನ್ಸ್‌ಪೆಕ್ಟರ್ ಪೆನ್ನು ಹಿಡಿದಿದ್ದರು. ಬರೆಯಲಿಲ್ಲ. ಅವಳತ್ತ ಒಮ್ಮೆ ನೋಡಿದರು, ಮತ್ತೆ ಅವನತ್ತ ತಿರುಗಿದರು. ಅವರ ದನಿ ಮೃದುವಾಗಿತ್ತು, ಅದೇ ಅವಳಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕೇಳಿಸಿತು.

“ಯಜಮಾನ್ರೇ, ಆ ಕೋಣೆಯ ಗೇಜು ನಿಮಗೆ ಚೆನ್ನಾಗಿ ಗೊತ್ತಾ?”

“ಗೊತ್ತಾ ಅಂತೀರಾ? ಮೂವತ್ತೊಂದು ವರ್ಷ ಸಾರ್. ಇವಳ ಮುಖಕ್ಕಿಂತ ಜಾಸ್ತಿ ನೋಡಿರೋದು ಅದನ್ನೇ.”

“ಹಾಗಿದ್ರೆ ಕನ್ನಡಕ ಹಾಕ್ಕೊಂಡು ಇದನ್ನ ಸ್ವಲ್ಪ ಓದಿ ಹೇಳಿ.”

ಇನ್ಸ್‌ಪೆಕ್ಟರ್ ತಟ್ಟೆಯನ್ನು ಅವನ ಕಡೆಗೆ ಸರಿಸಿದರು. ಗಂಡ ಜೇಬಿನಿಂದ ಕನ್ನಡಕ ತೆಗೆದು, ಗಾಜನ್ನು ಅಂಗಿಯ ತುದಿಗೆ ಒರೆಸಿ ಕಿವಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಮುಳ್ಳಕ್ಕನ ಅಂಗೈ ತಟ್ಟೆಯ ಮೇಲೆ ಬಿದ್ದಿತ್ತು. ಒಡೆದ ಗಾಜಿನ ಚೂರು ಚುಚ್ಚಿ, ಬೆರಳ ಸಂದಿಯಲ್ಲಿ ರಕ್ತ ಬಂತು.

“ಕೈ ತೆಗೀರಿ ಅಮ್ಮ,” ಎಂದರು ಇನ್ಸ್‌ಪೆಕ್ಟರ್.

“ಏನಾಯ್ತೇ?” ಎಂದ ಗಂಡ. “ಏನಿದೆ ಅದರಲ್ಲಿ?”

ಅವಳು ಕೈ ತೆಗೆಯಲಿಲ್ಲ.